ಸೆಲೋ ಟೇಪಿನ ಕಲೆ

ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇರಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ-ದಾರ, ಮದುವೆ ಕಾಗದಗಳ ಹಿಂಬದಿಯಲ್ಲಿ ಹಾಲಿನ ಲೆಕ್ಕ. ಹೀಗೆ ಎಲ್ಲಕ್ಕೂ ಎರಡನೆಯ ಜನ್ಮವಿತ್ತು. ಎರಡನೆಯ ಜನ್ಮಕ್ಕೂ ಬಾರದವು ಅಟ್ಟ ಸೇರುತ್ತಿದ್ದವು. ಅಮ್ಮ ತೀರಿಕೊಂಡ ಮೇಲೆ ಆ ಅಟ್ಟದ ವಾರಸುದಾರಳು ನಾನೇ ಆದೆ, ಏಕೆಂದರೆ ಆ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಕಳೆದ ಬೇಸಿಗೆ ರಜೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತಿದಾಗ, ಒಡೆದ ಹಂಡೆಯ ಹಿಂದೆ, ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟ ಚಪ್ಪಟೆ ಡಬ್ಬ ಕೈಗೆ ಸಿಕ್ಕಿತು. ಬಿಚ್ಚದೆಯೇ ಗೊತ್ತಾಯಿತು. ಅಣ್ಣನ ಮೆಕಾನೋ.

ಈಗಿನ ಮಕ್ಕಳಿಗೆ ಮೆಕಾನೋ ಎಂದರೆ ಏನೆಂದು ವಿವರಿಸಬೇಕಾಗುತ್ತದೆ. ಸಾಲಾಗಿ ತೂತು ಕೊರೆದ ಲೋಹದ ಪಟ್ಟಿಗಳು, ಗಾಲಿಗಳು, ರಾಟೆಗಳು, ಹಿತ್ತಾಳೆಯ ಸ್ಕ್ರೂ ಮತ್ತು ನಟ್ಟುಗಳು. ಅವನ್ನು ಜೋಡಿಸಿ ಕ್ರೇನು, ಸೇತುವೆ, ಲಾರಿ ಏನು ಬೇಕಾದರೂ ಕಟ್ಟಬಹುದು, ಮತ್ತೆ ಬಿಚ್ಚಬಹುದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತ ತನ್ನ ಗಂಡುಮಕ್ಕಳಿಗೆಂದು ತಗಡಿನ ಪಟ್ಟಿಗಳಿಂದ ಆಟಿಕೆ ಮಾಡಿಕೊಟ್ಟು, 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1907ರಲ್ಲಿ ಮೆಕಾನೋ ಎಂಬ ಹೆಸರು ಬಂತು. ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಮುಚ್ಚಿತು. ಅವರ ಜಾಹೀರಾತುಗಳೂ ಪತ್ರಿಕೆಯೂ ಬಹುಕಾಲ ಹುಡುಗರನ್ನೇ ಕರೆದು ಮಾತಾಡಿಸುತ್ತಿದ್ದವು. ನಮ್ಮ ಡಬ್ಬದ ಮುಚ್ಚಳದ ಮೇಲೂ ಒಬ್ಬ ಹುಡುಗನೇ ಇದ್ದ. ಕೆಂಪು ಕೆನ್ನೆ, ಬಾಚಿದ ಕೂದಲು, ಮುಂದೊಂದು ದೊಡ್ಡ ಕ್ರೇನು.

ಆ ಡಬ್ಬ ನಮ್ಮ ಮನೆಗೆ ಬಂದದ್ದು 1972ರಲ್ಲಿ. ಅಪ್ಪನ ಸ್ನೇಹಿತರೊಬ್ಬರು ಇಂಗ್ಲೆಂಡಿನಿಂದ ವಾಪಸು ಬಂದಾಗ, ತಮ್ಮ ಮಗ ಆಡಿ ಬಿಟ್ಟದ್ದನ್ನು ಅಣ್ಣನಿಗೆ ಕೊಟ್ಟರು. ಕೆಂಪು ಮತ್ತು ಹಸಿರು ಬಣ್ಣದ ಹಳೆಯ ಸೆಟ್ಟು. ಅಣ್ಣನಿಗೆ ಆಗ ಎಂಟು, ನನಗೆ ನಾಲ್ಕು. ಅಪ್ಪ ತಮ್ಮ ಪೆನ್ನಿನಿಂದ ಮುಚ್ಚಳದ ಅಂಚಿನಲ್ಲಿ ದುಂಡಗೆ ಅಣ್ಣನ ಹೆಸರು ಬರೆದರು. ಅಮ್ಮ ಡಬ್ಬದ ತಳಕ್ಕೆ ನ್ಯೂಸ್ ಪೇಪರನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಹಾಸಿದರು. ನನ್ನ ಪಾಲಿಗೆ ಬಂದದ್ದು, ಆಟ ಮುಗಿದ ಮೇಲೆ ಚಾಪೆಯ ಕೆಳಗೆ, ಕಪಾಟಿನ ಸಂದಿಯಲ್ಲಿ ಉರುಳಿಹೋದ ಸ್ಕ್ರೂಗಳನ್ನು ಹುಡುಕಿ ಎಣಿಸಿ ಇಡುವ ಕೆಲಸ. ಹೆಣ್ಣುಮಕ್ಕಳ ಕಣ್ಣು ಚುರುಕು ಎಂದು ಅಪ್ಪ ಹೊಗಳುತ್ತಿದ್ದರು. ಆ ಹೊಗಳಿಕೆಯಿಂದ ಆರು ವರ್ಷ ಸ್ಕ್ರೂ ಹುಡುಕಿದೆ.

ಅಣ್ಣ ಕ್ರಿಕೆಟ್ಟಿಗೆ ಹೋದಾಗ ಮಾತ್ರ ಡಬ್ಬ ನನ್ನದಾಗುತ್ತಿತ್ತು. ಅವನ ಕ್ರೇನಿನಲ್ಲಿ ಯಾವಾಗಲೂ ಒಂದು ದೋಷವಿರುತ್ತಿತ್ತು. ದಾರ ರಾಟೆಯಿಂದ ಜಾರಿ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ತೋಳು ಭಾರಕ್ಕೆ ಮುಂದಕ್ಕೆ ಮುಗ್ಗರಿಸುತ್ತಿತ್ತು. ನಾನು ಸದ್ದಿಲ್ಲದೆ ನಾಲ್ಕು ಸ್ಕ್ರೂ ಬಿಚ್ಚಿ, ರಾಟೆಯನ್ನು ಒಂದು ತೂತು ಮೇಲಕ್ಕೆ ಹಾಕಿ, ಹಿಂಭಾಗಕ್ಕೆ ಎರಡು ಗಾಲಿಯ ತೂಕ ಸೇರಿಸಿ, ಇದ್ದ ಹಾಗೆ ಇಟ್ಟುಬಿಡುತ್ತಿದ್ದೆ. ಸಂಜೆ ಅಣ್ಣ ಅಪ್ಪನೆದುರು ಕ್ರೇನಿನಿಂದ ಅರ್ಧ ಸೇರಿನ ಬಟ್ಟು ಎತ್ತಿ ತೋರಿಸುವನು. "ಇವನು ಇಂಜಿನಿಯರ್ ಆಗ್ತಾನೆ ನೋಡ್ತಿರು," ಎಂದು ಅಪ್ಪ ಅಮ್ಮನಿಗೆ ಹೇಳುವರು. ನಾನು ಬಾಗಿಲ ಸಂದಿಯಲ್ಲಿ ನಿಂತು ಬಟ್ಟು ಮೇಲೇರುವುದನ್ನು ನೋಡುತ್ತಿದ್ದೆ. ಅಣ್ಣ ಇಂಜಿನಿಯರ್ ಆದ. ನಾನು ಬಿ.ಎ., ಬಿ.ಎಡ್. ಮಾಡಿ ಟೀಚರ್ ಆದೆ. ಒಂದು ಮನೆಯಲ್ಲಿ ಒಂದು ಇಂಜಿನಿಯರಿಂಗ್ ಫೀಸು ಕಟ್ಟುವುದೇ ಕಷ್ಟವಾಗಿದ್ದ ಕಾಲ. ಅದರ ಬಗ್ಗೆ ನಾನು ಯಾರ ಮೇಲೂ ಮುನಿದವಳಲ್ಲ. ಮುನಿಯಬಹುದೆಂಬುದು ಹೊಳೆಯುವಷ್ಟರಲ್ಲಿ ನನಗೆ ನಲವತ್ತು ದಾಟಿತ್ತು.

ಹತ್ತನೆಯ ವಯಸ್ಸಿನಲ್ಲಿ ಒಂದೇ ಒಂದು ಸಲ ಹಕ್ಕು ಚಲಾಯಿಸಿದ್ದೆ. ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದೆ. ಅಣ್ಣ ರಬ್ಬರಿನಿಂದ ಉಜ್ಜಿ ಅಳಿಸಿದ. ಮತ್ತೆ ಬರೆದೆ. ಮತ್ತೆ ಅಳಿಸಿದ. ಮೂರನೆಯ ಸಲ ಬರೆದವಳು, ಯುಗಾದಿಗೆ ಅಜ್ಜಿ ಕೊಟ್ಟಿದ್ದ ರೂಪಾಯಿ ತೆಗೆದುಕೊಂಡು ಸ್ಟೇಷನರಿ ಅಂಗಡಿಗೆ ಓಡಿ, ಒಂದು ಚಿಕ್ಕ ಸುರುಳಿ ಸೆಲೋ ಟೇಪು ತಂದು ಹೆಸರಿನ ಮೇಲೆ ಉದ್ದಕ್ಕೆ ಅಂಟಿಸಿಬಿಟ್ಟೆ. ಪುಸ್ತಕದ ಲೇಬಲ್ಲಿನ ಮೇಲೆ ಅಂಟಿಸುತ್ತೇವಲ್ಲ, ಹಾಗೆ. ಇನ್ನು ಯಾವ ರಬ್ಬರು ತಾನೇ ಏನು ಮಾಡೀತು? ಉಳಿದ ಟೇಪಿನಿಂದ, ಮೂಲೆ ಬಿಟ್ಟಿದ್ದ ಮುಚ್ಚಳವನ್ನೂ ಜೋಡಿಸಿದೆ. ಒಂದು ತುಂಡು ಹುಡುಗನ ಚಿತ್ರದ ಮೇಲೂ ಬಂತು. ಆ ದಿನ ನಡೆದ ಜಗಳಕ್ಕೆ ಅಮ್ಮ ಡಬ್ಬವನ್ನೇ ಬೀರುವಿನ ಮೇಲಿಟ್ಟರು. ಅಲ್ಲಿಂದ ಅದು ಯಾವಾಗ ಅಟ್ಟ ಸೇರಿತೋ ತಿಳಿಯದು.

ಅಟ್ಟದಲ್ಲಿ ಸಿಕ್ಕಿತೆಂದು ಹೇಳಲು ಬೆಂಗಳೂರಿಗೆ ಫೋನ್ ಮಾಡಿದೆ. ಅಣ್ಣ ಮಗುವಿನ ಹಾಗೆ ಸಂಭ್ರಮಿಸಿದ. ಮರುದಿನ ಅವನ ಮಗನೇ ಮಾತಾಡಿದ. "ಅತ್ತೆ, ಅದಕ್ಕೆ ಈಗ ತುಂಬಾ ಬೆಲೆ. ಡಬ್ಬ ಚೆನ್ನಾಗಿದ್ದರೇನೇ ಬೆಲೆ. ಆ ಟೇಪೆಲ್ಲಾ ತೆಗೆಸಿ, ಹಳದಿ ಹೋಗೋ ಹಾಗೆ ಮಾಡಿಸಿ. ಅಪ್ಪನ ರಿಟೈರ್‌ಮೆಂಟ್ ನೆನಪಿಗೆ ಗಾಜಿನ ಕಪಾಟಿನಲ್ಲಿ ಇಡೋಣ." ಹಿಂದಿನಿಂದ ಅಣ್ಣನ ದನಿ ಕೇಳಿಸಿತು: "ಅವಳ ಕೈಗೇ ಕೊಡು, ಅವಳ ಕೈ ನಾಜೂಕು."

ಮತ್ತೆ ಹೊಗಳಿಕೆ! ಮತ್ತೆ ಕೆಲಸಕ್ಕೆ ಕೂತೆ.

ಡಬ್ಬದ ಸ್ಥಿತಿ ಹೀಗಿತ್ತು. ಮೂಲೆಗಳ ಟೇಪು ಜೇನುಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಅಂಚಿನಲ್ಲಿ ಅಂಟು ಜಿನುಗಿದಂತಿತ್ತು. ಹುಡುಗನ ಕೆನ್ನೆಯ ಮೇಲಿನ ತುಂಡು ಅರ್ಧ ಎದ್ದಿತ್ತು. ಮುಚ್ಚಳದ ಒಳಗೆ, ನನ್ನ ಹೆಸರಿನ ಮೇಲಿನ ಟೇಪು ಈರುಳ್ಳಿ ಸಿಪ್ಪೆಯ ಹಾಗೆ ತಾನೇ ಕಳಚಿಬಿದ್ದಿತ್ತು. ಆದರೆ ಅದು ಇದ್ದ ಜಾಗದಲ್ಲಿ ಕಡುಕಂದು ಪಟ್ಟಿಯೊಂದು ಉಳಿದಿತ್ತು. ಅಮ್ಮ ತಳಕ್ಕೆ ಹಾಸಿದ್ದ ನ್ಯೂಸ್ ಪೇಪರು ಹಪ್ಪಳದಂತೆ ಮುರಿಯುತ್ತಿತ್ತು. ಅದರ ಆಕಾರ ರಟ್ಟಿನ ಮೇಲೆ ಕಂದಾಗಿ ಅಚ್ಚೊತ್ತಿತ್ತು.

ಊರಿನ ಸಲಹೆಗಳಿಗೆ ಬರವೇ? ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದದ್ದೇ ತಡ, ಒಬ್ಬರು ಸೀಮೆಎಣ್ಣೆ ಎಂದರು. ಇನ್ನೊಬ್ಬರು ನೀಲಗಿರಿ ಎಣ್ಣೆ, ಮತ್ತೊಬ್ಬರು ಉಗುರುಬಣ್ಣ ತೆಗೆಯುವ ದ್ರಾವಣ. ಹಳದಿಗೆ ನಿಂಬೆರಸ ಮತ್ತು ಉಪ್ಪು, ಬ್ಲೀಚಿಂಗ್ ಪೌಡರು, ಕಡೆಗೆ ಉಜಾಲಾ. ಪಕ್ಕದ ಮನೆಯವರು ಮಹಡಿಯ ಮೇಲೆ ಎರಡು ದಿನ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ಎಂದರು. ಉಪ್ಪಿನಕಾಯಿ, ಹಪ್ಪಳ, ಹಾಸಿಗೆ ಎಲ್ಲವೂ ಬಿಸಿಲಿಗೆ ಸರಿಹೋಗುತ್ತವೆ, ಡಬ್ಬವೇಕೆ ಹೋಗದು ಎಂಬುದು ಅವರ ವಾದ. ನಾನು ಯಾರ ಮಾತನ್ನೂ ಕೇಳದೆ, ಹುಡುಗನ ಕೆನ್ನೆಯ ಮೇಲೆದ್ದಿದ್ದ ತುದಿಯನ್ನು ಉಗುರಿನಿಂದ ಹಿಡಿದು ಎಳೆದೆ. ಚರ್ ಎಂದು ಕೆನ್ನೆ ಟೇಪಿನೊಂದಿಗೇ ಬಂತು. ಕೆಂಪು ಕೆನ್ನೆಯಿದ್ದಲ್ಲಿ ಬೂದು ರಟ್ಟು ಕಾಣಿಸಿತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ "ಅವಸರ ಮಾಡಬೇಡಿ" ಎಂದು ಹೇಳಿದವಳು ನಾನು!

ಅಳುವುದೊಂದು ಬಾಕಿಯಿದ್ದಾಗ ಸಹೋದ್ಯೋಗಿಯೊಬ್ಬರು ಮೈಸೂರಿನ ತಮ್ಮ ಚಿಕ್ಕಮ್ಮನ ವಿಳಾಸ ಕೊಟ್ಟರು. ಓಲೆಗರಿ, ಹಸ್ತಪ್ರತಿಗಳ ರಕ್ಷಣೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಆಕೆ ಡಬ್ಬವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಹೇಳಿದ ಮೊದಲ ಮಾತು: "ಮೇಡಂ, ಇವತ್ತು ಏನೂ ಮಾಡಬೇಡಿ."

ಆಮೇಲೆ ಕಾಫಿ ಕೊಟ್ಟು ಪಾಠ ಮಾಡಿದರು. ಟೇಪಿಗೆ ಮೂರು ವಯಸ್ಸಂತೆ. ಎಳೆಯದರಲ್ಲಿ ಅಂಟು ಮೇಲೆಯೇ ಇರುತ್ತದೆ. ನಡುವಯಸ್ಸಿನಲ್ಲಿ ಅದು ಗಾಳಿಯ ಆಮ್ಲಜನಕದಿಂದ ಕೆಟ್ಟು, ಹಳದಿಯಾಗಿ, ಎಣ್ಣೆಯಂತೆ ಕಾಗದದೊಳಕ್ಕೆ ಇಳಿಯತೊಡಗುತ್ತದೆ. ಮುಪ್ಪಿನಲ್ಲಿ ಒಣಗಿ ಗಟ್ಟಿಯಾಗಿ, ಮೇಲಿನ ಪೊರೆ ಉದುರಿಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಆ ಹಂತ ತಲುಪಿದ ಕಲೆ ಕಾಗದದ ಮೇಲೆ ಇರುವುದಿಲ್ಲ, ಕಾಗದದ ಒಳಗೇ ಇರುತ್ತದೆ. ನನ್ನ ಒಂದೇ ಡಬ್ಬದಲ್ಲಿ ನಡುವಯಸ್ಸಿನದೂ ಇತ್ತು, ಮುದಿಯದೂ ಇತ್ತು.

ಸೆಲೋ ಟೇಪಿನ ಕತೆಯನ್ನೂ ಅವರೇ ಹೇಳಿದರು. ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬಾತ 1930ರಲ್ಲಿ ತಯಾರಿಸಿದ್ದು. ಅಲ್ಲಿ ಜನ ಕೈಯಲ್ಲಿ ಕಾಸಿಲ್ಲದೆ ಹರಿದದ್ದನ್ನೆಲ್ಲ ಅಂಟಿಸಿ ಬಳಸುತ್ತಿದ್ದ ಕಾಲ, ಹಾಗಾಗಿ ಮನೆಮನೆಗೂ ಹೊಕ್ಕಿತು. ಬ್ರಿಟನ್ನಿನಲ್ಲಿ 1937ರಲ್ಲಿ ಸೆಲೋಟೇಪ್ ಎಂಬ ಹೆಸರಿನಲ್ಲಿ ಬಂತು. ನಮ್ಮ ಬಾಯಿಗೆ ಹತ್ತಿದ ಹೆಸರು ಅದೇ. "ನೀವು ಚಿಕ್ಕ ಹುಡುಗಿ, ಅಂಟಿಸಿದಿರಿ. ದೊಡ್ಡ ದೊಡ್ಡ ವಿದ್ವಾಂಸರೇ ಅಂಟಿಸಿದ್ದಾರೆ," ಎಂದು ನಕ್ಕರು. 1947ರಲ್ಲಿ ಮೃತ ಸಮುದ್ರದ ತೀರದ ಗುಹೆಗಳಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಚರ್ಮದ ಸುರುಳಿಗಳು ಸಿಕ್ಕವಷ್ಟೆ. 1950ರ ದಶಕದಲ್ಲಿ ಜೆರುಸಲೇಮಿನಲ್ಲಿ ಕುಳಿತ ಪಂಡಿತರು ಆ ಸಾವಿರಾರು ಚೂರುಗಳನ್ನು ಸೆಲೋ ಟೇಪಿನಿಂದಲೇ ಜೋಡಿಸಿದರು. ಅಂಟು ಚರ್ಮಕ್ಕೆ ಇಳಿದು ಅಕ್ಷರಗಳನ್ನು ಕಪ್ಪಾಗಿಸಿತು. ಅದನ್ನು ಬಿಡಿಸಲೆಂದೇ 1991ರಲ್ಲಿ ಒಂದು ಪ್ರಯೋಗಾಲಯ ತೆರೆದು, ಚೂರು ಚೂರಾಗಿ, ವರ್ಷಗಟ್ಟಲೆ ಆ ಟೇಪು ತೆಗೆಯಬೇಕಾಯಿತು. ಗುಹೆಯಲ್ಲಿ ಎರಡು ಸಾವಿರ ವರ್ಷ ಉಳಿದದ್ದಕ್ಕೆ ನಲವತ್ತು ವರ್ಷದ ಪ್ರೀತಿ ಮುಳುವಾಯಿತು.

ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ, ನಿಮ್ಮ ಅಟ್ಟದಲ್ಲೂ ಏನಾದರೂ ಇದ್ದೀತು. ಮೊದಲು ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಬೇಕು, ಒದ್ದೆ ಬಟ್ಟೆ ಕೂಡದು. ಟೇಪಿಗೆ ಹೇರ್ ಡ್ರೈಯರನ್ನು ದೂರದಲ್ಲಿ ಹಿಡಿದು, ಕೈಗೆ ಹಿತವೆನಿಸುವಷ್ಟು ಮಾತ್ರ ಬಿಸಿ ತಾಗಿಸಬೇಕು. ಅಂಟು ಸಡಿಲವಾದಾಗ ತೆಳುವಾದ ಮೊಂಡು ಚಾಕುವನ್ನು ತುದಿಯಡಿ ತೂರಿಸಬೇಕು. ಟೇಪನ್ನು ಮೇಲಕ್ಕೆ ಎಳೆಯಬಾರದು. ಅದರ ಮೇಲೇ ಹಿಂದಕ್ಕೆ ಮಡಚಿ, ಕಾಗದಕ್ಕೆ ಒರಗಿದಂತೆ, ಅಕ್ಕಿಯ ಕಾಳಿನಷ್ಟು ಅಕ್ಕಿಯ ಕಾಳಿನಷ್ಟು ಮುಂದುವರಿಯಬೇಕು. ಕಾಗದ ಏಳುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ ಎದುರು ತುದಿಯಿಂದ ಶುರು ಮಾಡಬೇಕು. ಉಳಿದ ಅಂಟನ್ನು ಚಪ್ಪಲಿಯ ಅಟ್ಟೆಗೆ ಹಾಕುವಂಥ ಕ್ರೇಪ್ ರಬ್ಬರಿನ ತುಂಡಿನಿಂದ ಒತ್ತಿ ಒತ್ತಿ ಉಂಡೆ ಮಾಡಿ ತೆಗೆಯಬೇಕು.

ಸೀಮೆಎಣ್ಣೆ, ನೀಲಗಿರಿ ಎಣ್ಣೆ ಅಂಟನ್ನು ಕರಗಿಸುವುದೇನೋ ನಿಜ. ಆದರೆ ಕರಗಿದ್ದನ್ನು ಹೊತ್ತು ರಟ್ಟಿನೊಳಕ್ಕೆ ಇಳಿದು ಹೊಸ ಕಲೆ ಮಾಡುತ್ತವೆ. ಉಗುರುಬಣ್ಣದ ದ್ರಾವಣ ಮುದ್ರಣದ ಬಣ್ಣವನ್ನೇ ಎಬ್ಬಿಸಬಹುದು. ಹಳದಿಯ ವಿಷಯ ಇನ್ನೂ ಸೂಕ್ಷ್ಮ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಗೆ ಅದು ಕಂದಾಗುತ್ತದೆ, ಜತೆಗೆ ಕಾಗದ ಆಮ್ಲವಾಗುತ್ತಾ ಹೋಗುತ್ತದೆ. ನ್ಯೂಸ್ ಪೇಪರ್ ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ತಾನು ಮುಟ್ಟಿದ್ದನ್ನೂ ಸುಡುತ್ತದೆ. ಅಮ್ಮ ಅಷ್ಟು ಅಚ್ಚುಕಟ್ಟಾಗಿ ಹಾಸಿದ್ದ ಪೇಪರೇ ಡಬ್ಬದ ತಳವನ್ನು ಕಂದು ಮಾಡಿತ್ತು. ಬ್ಲೀಚು ಹಾಕಿದರೆ, ಬಿಸಿಲಿಗಿಟ್ಟರೆ ಬೆಳ್ಳಗಾದಂತೆ ಕಂಡರೂ ಕಾಗದದ ನಾರು ಸತ್ತುಹೋಗುತ್ತದೆ, ಕೆಂಪು ಬಣ್ಣವೂ ಮಾಸುತ್ತದೆ. "ಹಳದಿ ಅದರ ವಯಸ್ಸು. ಇನ್ನು ಹೆಚ್ಚದ ಹಾಗೆ ನೋಡಿಕೊಳ್ಳಿ, ಸಾಕು," ಎಂದರು ಆಕೆ.

ಬೇಸಿಗೆಯ ಉಳಿದ ದಿನಗಳೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಅದೇ ಕೆಲಸ. ಒಂದು ಮೂಲೆಗೆ ನಾಲ್ಕು ದಿನ ಹಿಡಿಯಿತು. ಹರಿದ ಕೆನ್ನೆಯನ್ನು ಟೇಪಿನ ಬೆನ್ನಿಂದ ಬಿಸಿಗಾಳಿಯಲ್ಲಿ ಬಿಡಿಸಿ, ಮೈದಾ ಹಿಟ್ಟನ್ನು ತೊಳೆದು ತೆಗೆದ ಗಂಜಿಯ ತೆಳು ಅಂಟಿನಿಂದ ಮತ್ತೆ ಕೂರಿಸಿದೆ. ಆ ಅಂಟು ಏಕೆಂದರೆ, ಬೇಡವಾದರೆ ನಾಳೆ ನೀರಿನ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಮುಂದಿನವರು ಬಿಡಿಸಲಾಗದಂಥದ್ದನ್ನು ಹಚ್ಚಬಾರದು ಎಂಬುದು ಆ ವಿದ್ಯೆಯ ಮೊದಲ ನಿಯಮವಂತೆ. ಹುಡುಗನ ಕೆನ್ನೆಯ ಮೇಲೆ ಸಣ್ಣದೊಂದು ಗೆರೆ ಉಳಿಯಿತು. ಬಾಲ್ಯದಲ್ಲಿ ಬಿದ್ದ ಗಾಯದ ಹಾಗಿದೆ, ಅವನಿಗೆ ಒಪ್ಪುತ್ತದೆ.

ಕೊನೆಗೆ ಉಳಿದದ್ದು ಮುಚ್ಚಳದ ಒಳಗಿನ ಕಂದು ಪಟ್ಟಿ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದೆ. ಅಂಟು ಕುಡಿದ ಕಾಗದ ಎಣ್ಣೆ ಹಚ್ಚಿದಂತಾಗಿತ್ತು, ಅದರ ನಡುವೆ ನನ್ನ ಹೆಸರು ಸ್ಪಷ್ಟವಾಗಿ ಕೂತಿತ್ತು. ಎರಡನೆಯ ಅಕ್ಷರದ ಒತ್ತು ತಪ್ಪು. ಪೆನ್ಸಿಲಿನ ಸೀಸವೆನ್ನುವುದು ನಿಜವಾಗಿ ಇಂಗಾಲದ ಗ್ರಾಫೈಟು, ಬೆಳಕಿಗೆ ಮಾಸುವುದಿಲ್ಲ. ಹೊರಗೆ ಅಪ್ಪ ಪೆನ್ನಿನ ಶಾಯಿಯಲ್ಲಿ ಬರೆದಿದ್ದ ಅಣ್ಣನ ಹೆಸರು ಮಾಸಿ ಊಹಿಸಿ ಓದುವಂತಾಗಿತ್ತು. ಆದರೆ ಗ್ರಾಫೈಟು ಉಜ್ಜಿದರೆ ಹೋಗುತ್ತದೆ. ಕ್ರೇಪ್ ರಬ್ಬರು ಹಚ್ಚಿದರೆ ಕಲೆಯ ಮೇಲ್ಪದರದೊಡನೆ ಹೆಸರೂ ಹೋಗುವುದು ಖಂಡಿತ. ಅಣ್ಣ ಎರಡು ಸಲ ಮಾಡಿದ್ದನ್ನು ನಾನೇ ಮೂರನೆಯ ಸಲ ಮಾಡಿದ ಹಾಗೆ.

ರಬ್ಬರನ್ನು ಕೈಯಲ್ಲಿ ಹಿಡಿದು ಎರಡು ಮಧ್ಯಾಹ್ನ ಕೂತೆ. ಬೆಲೆ ಬರಬೇಕೆಂದರೆ ಹೋಗಬೇಕು. ಕೊಟ್ಟ ಮಾತಿಗೂ ಹೋಗಬೇಕು. ಮೂರನೆಯ ಮಧ್ಯಾಹ್ನ ರಬ್ಬರನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ದಸರಾ ರಜೆಗೆ ಅಣ್ಣ, ಅತ್ತಿಗೆ ಬಂದರು. ಮೇಜಿನ ಮೇಲೆ ಡಬ್ಬ ನೋಡಿ ಅಣ್ಣ ಮೂಲೆಗಳನ್ನು ಸವರಿದ. "ಎಷ್ಟು ಚೆನ್ನಾಗಿ ಮಾಡಿದ್ದೀಯೇ!" ಎಂದ. ಮುಚ್ಚಳ ಎತ್ತಿ ತಿರುಗಿಸಿದವನು ಸುಮ್ಮನಾದ.

"ಇದೊಂದು ಹೋಗಲಿಲ್ವಾ?"

"ನಾನು ತೆಗೆಯಲಿಲ್ಲ ಅಣ್ಣ. ತೆಗೆದರೆ ಹೆಸರು ಹೋಗುತ್ತೆ."

ಅವನು ಕನ್ನಡಕ ಏರಿಸಿ ಓದಿದ. "ನಾನು ಅಳಿಸಿದ್ದೆ ಅಲ್ವಾ?"

"ಎರಡು ಸಲ."

ಅತ್ತಿಗೆ ಕಾಫಿ ತಂದರು. ಅಣ್ಣ ಲೋಟ ಹಿಡಿದುಕೊಂಡೇ ಬಹಳ ಹೊತ್ತು ಆ ಪಟ್ಟಿಯನ್ನು ನೋಡುತ್ತಿದ್ದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಆ ಕ್ರೇನು ನಾನು ಬಿಟ್ಟು ಹೋದ ಹಾಗೆ ಇರ್ತಿರಲಿಲ್ಲ. ನನಗೆ ಗೊತ್ತಿತ್ತು ಕಣೇ. ಅಪ್ಪನ ಎದುರು ಹೇಳೋಕೆ ಆಗಲಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ಗೊತ್ತಿಲ್ಲವೆಂದೇ ಹಗುರವಾಗಿದ್ದೆ. ಗೊತ್ತಿದ್ದೂ ಸುಮ್ಮನಿದ್ದನೆಂದು ತಿಳಿದಾಗ ಒಳಗೆಲ್ಲೋ ಚುರುಕ್ ಎಂದಿತು. ಹೇಳಿದನಲ್ಲ ಎಂಬ ಸಮಾಧಾನವೂ ಅದರ ಜೊತೆಗೇ ಬಂತು. ಎರಡನ್ನೂ ಬೇರೆ ಬೇರೆ ಮಾಡಲು ನನಗೆ ಇವತ್ತಿಗೂ ಆಗಿಲ್ಲ. "ಕಾಫಿ ಆರುತ್ತೆ, ಕುಡಿ," ಎಂದೆ.

"ಇದು ಹೀಗೇ ಇರಲಿ," ಎಂದ ಅಣ್ಣ. "ಕಪಾಟಿನಲ್ಲಿ ಮುಚ್ಚಳ ತೆರೆದೇ ಇಡ್ತೀನಿ."

"ತೆರೆದಿಟ್ಟರೆ ಧೂಳು ಬೀಳುತ್ತೆ. ಮುಚ್ಚಿಯೇ ಇಡು. ಬಿಸಿಲು ಬೀಳೋ ಕಡೆ ಇಡಬೇಡ. ಕೆಳಗೆ ನ್ಯೂಸ್ ಪೇಪರ್ ಹಾಸಬೇಡ." ಟೀಚರ್ ಬುದ್ಧಿ, ಪಾಠ ಮುಗಿಯುವುದೇ ಇಲ್ಲ.

ಮರುದಿನ ಹೊರಡುವ ಹೊತ್ತಿಗೆ ಅಣ್ಣ ಡಬ್ಬವನ್ನು ಅಮ್ಮನ ಅದೇ ಸೀರೆಯಲ್ಲಿ ಸುತ್ತಿ, "ಕಾರಿನಲ್ಲಿ ಬಿಚ್ಚಿಕೊಂಡೀತು, ಒಂದು ಸ್ವಲ್ಪ ಟೇಪು ಕೊಡೇ," ಎಂದ.

ದೇವರ ಮನೆಯಿಂದ ಹೂವು ಕಟ್ಟುವ ದಾರ ತಂದುಕೊಟ್ಟೆ.